ನುಂಗಿದ ಪಿನ್ನನ್ನು ಬಂದ ದಾರಿಯಲ್ಲೇ ಹೊರತಂದ ವೈದ್ಯ



ಗೋಧಿ ತೆನೆಯನ್ನು ಅಂಗಿಯ ತೋಳಿನೊಳಗೆ ಇಟ್ಟುಕೊಂಡು ನೋಡಿದ್ದೀರಾ? ಇಲ್ಲವಾದರೆ ಹಿಂಗಾರಿ ಬೆಳೆ ಬಲಿಯುವ ದಿನಗಳಲ್ಲಿ ಬೈಲಹೊಂಗಲ ಅಥವಾ ಸವದತ್ತಿ ಕಡೆಯ ಎರೆಹೊಲಕ್ಕೆ ಹೋದಾಗ ಒಮ್ಮೆ ನೋಡಿ. ತೊಟ್ಟು ಮೇಲೆ, ಮುಳ್ಳು ಕೆಳಗೆ ಬರುವಂತೆ ತೆನೆಯನ್ನು ತೋಳಿನೊಳಗೆ ಇಟ್ಟು ಕೈಬೀಸುತ್ತಾ ನಡೆಯಿರಿ. ಸ್ವಲ್ಪ ಹೊತ್ತಿನಲ್ಲಿ ತೆನೆ ತಾನಾಗಿಯೇ ಮೇಲಕ್ಕೆ ಏರಿರುತ್ತದೆ. ಈಗ ಅದನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಎಳೆಯಿರಿ. ಬರುವುದಿಲ್ಲ! ಮುಳ್ಳುಗಳು ಬಟ್ಟೆಗೆ ಕಚ್ಚಿಕೊಳ್ಳುತ್ತವೆ. ಜೋರು ಮಾಡಿದಷ್ಟೂ ಹೆಚ್ಚು ಕಚ್ಚುತ್ತವೆ. ಒಂದು ಕಡೆಗೆ ಸಲೀಸು, ಇನ್ನೊಂದು ಕಡೆಗೆ ಅಡ್ಡಿ. ಈ ತೆನೆಯನ್ನು ನೆನಪಿನಲ್ಲಿಡಿ. ಮುಂದೆ ಬೇಕಾಗುತ್ತದೆ.

ಈಗ ನಿಮ್ಮ ಸುತ್ತ ನೋಡಿ. ಸೀರೆ ಉಡುವಾಗ ಅವ್ವ ಪಿನ್ನನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿರುತ್ತಾಳೆ. ಪೇಟೆಯ ಟೇಲರ್ ಮಾಮಾ ಸೂಜಿಯನ್ನು ತುಟಿಗಳ ನಡುವೆ ಇಟ್ಟುಕೊಂಡೇ ಮಾತನಾಡುತ್ತಾನೆ. ಕಾಲಿಗೆ ನಟ್ಟ ಮುಳ್ಳು ತೆಗೆಯಲು ತಂದ ಪಿನ್ನು ಕೆಲಸ ಮುಗಿದ ಮೇಲೆ ಬಾಯಿಗೆ ಹೋಗುತ್ತದೆ. ನೀವೂ ಕಡಿಮೆಯವರಲ್ಲ. ಪೆನ್ನಿನ ಟೋಪಿ, ಟಾಚಣಿ, ಸ್ಟೇಪ್ಲರ್ ಪಿನ್ನು ಇವೆಲ್ಲ ಪಾಠ ಕೇಳುವಾಗ ಎಲ್ಲಿರುತ್ತವೆ ಎಂದು ನಿಮಗೇ ಗೊತ್ತು. ಯಾರೋ ನಗಿಸುತ್ತಾರೆ, ಇಲ್ಲವೇ ಸೀನು ಬರುತ್ತದೆ. ಬಾಯಲ್ಲಿದ್ದದ್ದು ಒಳಗೆ ಹೋಗುತ್ತದೆ!

ಹೀಗೆ ಒಳಗೆ ಹೋದ ವಸ್ತುಗಳನ್ನು ಹೊಟ್ಟೆ, ಎದೆ ಕೊಯ್ಯದೆ ಬಾಯಿಯ ದಾರಿಯಲ್ಲೇ ಹೊರತೆಗೆಯುವುದಕ್ಕಾಗಿ ತನ್ನ ಇಡೀ ಜೀವನ ಕೊಟ್ಟ ವೈದ್ಯರೊಬ್ಬರಿದ್ದರು. ಅವರ ಹೆಸರು ಶೆವಲಿಯರ್ ಜಾಕ್ಸನ್.

ಜಾಕ್ಸನ್ ಹುಟ್ಟಿದ್ದು 1865ರ ನವೆಂಬರ್ 4ರಂದು, ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ. ಅದು ಕಲ್ಲಿದ್ದಲು ಗಣಿಗಳ ನಾಡು. ಹುಡುಗ ಸಣಕಲು, ನಾಚಿಕೆ ಸ್ವಭಾವದವನು. ಶಾಲೆಯಲ್ಲಿ ಗಟ್ಟಿಮುಟ್ಟಾದ ಹುಡುಗರು ಅವನನ್ನು ದಿನವೂ ಕಾಡುತ್ತಿದ್ದರು. ಒಮ್ಮೆಯಂತೂ ಕಣ್ಣಿಗೆ ಬಟ್ಟೆ ಕಟ್ಟಿ ಕಲ್ಲಿದ್ದಲಿನ ಗುಂಡಿಗೆ ತಳ್ಳಿಬಿಟ್ಟರು. ಅವನು ಪ್ರಜ್ಞೆ ತಪ್ಪಿ ಬಿದ್ದಿದ್ದ. ಅಕಸ್ಮಾತ್ತಾಗಿ ಒಂದು ನಾಯಿ ಅವನನ್ನು ಕಂಡುಹಿಡಿಯಿತು. ಅದರಿಂದ ಜೀವ ಉಳಿಯಿತು. ಕತ್ತಲೆಯ ಆಳದಲ್ಲಿ ಸಿಕ್ಕಿಕೊಂಡಿರುವುದು ಹೇಗಿರುತ್ತದೆ ಎಂಬುದು ಈ ಹುಡುಗನಿಗೆ ಚೆನ್ನಾಗಿ ಗೊತ್ತಿತ್ತು!

ಮನೆಯಲ್ಲಿ ಹಣದ ಅಡಚಣೆ. ಆದರೆ ಹುಡುಗನ ಕೈಯಲ್ಲಿ ಕಲೆಯಿತ್ತು. ಗಾಜಿನ ಮೇಲೆ, ಪಿಂಗಾಣಿಯ ಮೇಲೆ ಚಿತ್ರ ಬಿಡಿಸಿ ಓದಿನ ಖರ್ಚಿಗೆ ದುಡಿದ. ಫಿಲಾಡೆಲ್ಫಿಯಾದ ಜೆಫರ್ಸನ್ ವೈದ್ಯಕೀಯ ಕಾಲೇಜು ಸೇರಿ 1886ರಲ್ಲಿ ವೈದ್ಯನಾದ.

ಇಲ್ಲಿ ಒಂದು ಮಾತು ಹೇಳಲೇಬೇಕು. ಅದೇ 1886ರಲ್ಲಿ, ಅದೇ ಫಿಲಾಡೆಲ್ಫಿಯಾ ನಗರದ ಮಹಿಳಾ ವೈದ್ಯಕೀಯ ಕಾಲೇಜಿನಿಂದ ನಮ್ಮ ದೇಶದ ಆನಂದಿಬಾಯಿ ಜೋಶಿ ವೈದ್ಯ ಪದವಿ ಪಡೆದರು. ಅವರು ಹುಟ್ಟಿದ್ದೂ 1865ರಲ್ಲೇ. ಬೆಳಗಾವಿಗೆ ಹತ್ತಿರದ ಕೊಲ್ಲಾಪುರದ ಆಸ್ಪತ್ರೆಯಲ್ಲಿ ಅವರಿಗೆ ಕೆಲಸ ಗೊತ್ತಾಗಿತ್ತು. ಆದರೆ ಕ್ಷಯರೋಗದಿಂದ 1887ರ ಫೆಬ್ರವರಿಯಲ್ಲಿ, ಇನ್ನೂ 22 ತುಂಬುವ ಮೊದಲೇ, ತೀರಿಕೊಂಡರು. ಜಾಕ್ಸನ್‌ರಿಗೂ ಮುಂದೆ ಕ್ಷಯ ಬಂತು. ಅವರು ಬದುಕಿ ಉಳಿದರು. ಎಷ್ಟೋ ವರ್ಷಗಳ ನಂತರ, 1935ರಲ್ಲಿ, ಆನಂದಿಬಾಯಿ ಓದಿದ ಆ ಮಹಿಳಾ ಕಾಲೇಜಿಗೇ ಅವರು ಅಧ್ಯಕ್ಷರಾದರು.

ಪದವಿಯ ಬಳಿಕ ಜಾಕ್ಸನ್ ಲಂಡನ್ನಿಗೆ ಹೋಗಿ ಆ ಕಾಲದ ಹೆಸರಾಂತ ಗಂಟಲು ವೈದ್ಯ ಮೊರೆಲ್ ಮೆಕೆಂಜಿಯವರ ಕೆಲಸ ನೋಡಿ ಕಲಿತರು. ಮರಳಿ ಪಿಟ್ಸ್‌ಬರ್ಗ್‌ಗೆ ಬಂದು ಚಿಕಿತ್ಸೆ ಶುರುಮಾಡಿದರು. ಬರುತ್ತಿದ್ದವರಲ್ಲಿ ಬಡವರೇ ಹೆಚ್ಚು. ಹಣ ಕೊಡುವವರು ಕಡಿಮೆ.

ಆಗ ಗಂಟಲಿನ ಕೆಳಗೆ ಏನಾದರೂ ಸಿಕ್ಕಿಕೊಂಡರೆ ವೈದ್ಯರಿಗೆ ಅದು ಕಾಣುತ್ತಲೇ ಇರಲಿಲ್ಲ. ಕಾಣದ ವಸ್ತುವನ್ನು ಕೊಕ್ಕೆ ಹಾಕಿ ಕುರುಡಾಗಿ ಎಳೆಯುತ್ತಿದ್ದರು. ಎಳೆದಾಗ ಏನಾಗಬಹುದು? ತೆನೆಯನ್ನು ನೆನಪಿಸಿಕೊಳ್ಳಿ.

ನಮ್ಮ ಗಂಟಲಿನಿಂದ ಎರಡು ಕೊಳವೆಗಳು ಕೆಳಗಿಳಿಯುತ್ತವೆ. ಮುಂದಿನದು ಶ್ವಾಸನಾಳ, ಗಾಳಿಯ ದಾರಿ. ಹಿಂದಿನದು ಅನ್ನನಾಳ, ಊಟದ ದಾರಿ. ನುಂಗುವಾಗ ಗಾಳಿಯ ದಾರಿಗೆ ಒಂದು ಪುಟ್ಟ ಮುಚ್ಚಳ ಮುಚ್ಚಿಕೊಳ್ಳುತ್ತದೆ. ನಗುತ್ತಾ, ಓಡುತ್ತಾ, ಮಾತನಾಡುತ್ತಾ ತಿಂದರೆ ಮುಚ್ಚಳ ತೆರೆದಿರುವಾಗಲೇ ತುತ್ತು ಜಾರಬಹುದು. ಶ್ವಾಸನಾಳ ಎದೆಯಲ್ಲಿ ಎರಡಾಗಿ ಕವಲೊಡೆಯುತ್ತದೆ. ಬಲಗಡೆಯ ಕವಲು ಹೆಚ್ಚು ಅಗಲ, ಹೆಚ್ಚು ನೇರ. ಆದ್ದರಿಂದ ದಾರಿ ತಪ್ಪಿದ ಶೇಂಗಾಕಾಳು ಸಾಮಾನ್ಯವಾಗಿ ಬಲಗಡೆಗೇ ಬೀಳುತ್ತದೆ. ಅಲ್ಲಿ ನೀರುಂಡು ಉಬ್ಬುತ್ತದೆ, ಅದರ ಎಣ್ಣೆಯಂಶದಿಂದ ಶ್ವಾಸಕೋಶ ಕೆರಳಿ ಕೀವಾಗುತ್ತದೆ.

ಅನ್ನನಾಳದ್ದು ಬೇರೆ ಕಥೆ. ದೊಡ್ಡವರಲ್ಲಿ ಅದು ಸುಮಾರು 25 ಸೆಂಟಿಮೀಟರ್ ಉದ್ದದ ಮೆತ್ತನೆಯ ಕೊಳವೆ. ಅದರ ಮೇಲ್ತುದಿಯೇ ಬಹಳ ಇಕ್ಕಟ್ಟಾದ ಜಾಗ. ನಾಣ್ಯವೋ ಮೀನಿನ ಮುಳ್ಳೋ ಸಿಕ್ಕಿಕೊಳ್ಳುವುದು ಹೆಚ್ಚಾಗಿ ಅಲ್ಲೇ. ನಾಣ್ಯ ಸಿಕ್ಕಿದರೆ ನೋವು, ಜೊಲ್ಲು. ಮೊನೆಯಿರುವ ವಸ್ತುವಾದರೆ ಅಪಾಯ ದೊಡ್ಡದು. ಅದು ಗೋಡೆಯನ್ನು ಚುಚ್ಚಿ ತೂತು ಮಾಡಬಹುದು. ತೂತಿನಿಂದ ಎಂಜಲು, ಆಹಾರ ಎದೆಯೊಳಗೆ ಸೋರಿ ಸೋಂಕು ಹರಡುತ್ತದೆ. ಅನ್ನನಾಳದ ಪಕ್ಕದಲ್ಲೇ ದೊಡ್ಡ ರಕ್ತನಾಳಗಳಿವೆ. ಮೊನೆ ಅಲ್ಲಿಗೆ ತಲುಪಿದರೆ ಜೀವಕ್ಕೇ ಕುತ್ತು.

ಹೊಟ್ಟೆಗೆ ಇಳಿದುಬಿಟ್ಟರೆ? ನಾಣ್ಯ, ಗುಂಡಿಗಳಂಥವು ಬಹುಪಾಲು ಕೆಲವು ದಿನಗಳಲ್ಲಿ ಮಲದ ಜೊತೆ ತಾವಾಗಿಯೇ ಹೊರಬೀಳುತ್ತವೆ. ಚೂಪಾದವೂ ಎಷ್ಟೋ ಸಲ ಹಾಗೆಯೇ ಬರುತ್ತವೆ. ಕರುಳಿಗೆ ಒಂದು ಜಾಣತನವಿದೆ. ಮೊನೆ ತಾಗಿದ ಕಡೆ ಅದು ಹಿಂದೆ ಸರಿದು, ಪಿನ್ನಿನ ಮೊಂಡು ತಲೆ ಮುಂದಾಗುವಂತೆ ತಿರುಗಿಸುತ್ತದೆ. ಆದರೂ ಕೆಲವು ಸಲ ಈ ಜಾಣತನ ಸಾಲುವುದಿಲ್ಲ. ಕರುಳು ತೂತಾಗುತ್ತದೆ, ರಕ್ತ ಸೋರುತ್ತದೆ, ಕೀವು ಕಟ್ಟುತ್ತದೆ. ಅದಕ್ಕೇ ಚೂಪಾದ ವಸ್ತು ನುಂಗಿದವರನ್ನು ವೈದ್ಯರು ಕಣ್ಣಿಟ್ಟು ಕಾಯುತ್ತಾರೆ.

ಒಳಗೆ ನೋಡುವುದು ಹೇಗೆ? ಇದಕ್ಕೆ ಮೊದಲ ದಾರಿ ತೋರಿಸಿದವರು ಕತ್ತಿ ನುಂಗುವವರು! ಊರೂರು ತಿರುಗುತ್ತಾ ಕತ್ತಿ ನುಂಗಿ ತೋರಿಸುವ ಆಟಗಾರರ ಬಗ್ಗೆ ಹಿರಿಯರಿಂದ ಕೇಳಿರಬಹುದು. ತಲೆಯನ್ನು ಪೂರಾ ಹಿಂದಕ್ಕೆ ಬಾಗಿಸಿದರೆ ಬಾಯಿ, ಗಂಟಲು, ಅನ್ನನಾಳ ಒಂದೇ ಸರಳರೇಖೆಗೆ ಬರುತ್ತವೆ ಎಂಬುದು ಅವರ ಗುಟ್ಟು. (ನೀವು ಪ್ರಯತ್ನಿಸಬೇಡಿ. ಅದಕ್ಕೆ ವರ್ಷಗಟ್ಟಲೆ ತರಬೇತಿ ಬೇಕು, ತರಬೇತಿ ಇದ್ದವರೂ ಸತ್ತಿದ್ದಾರೆ.) 1868ರಲ್ಲಿ ಜರ್ಮನಿಯ ಕುಸ್‌ಮೌಲ್ ಎಂಬ ವೈದ್ಯರು ಒಬ್ಬ ಕತ್ತಿ ನುಂಗುವವನ ಗಂಟಲಿಗೆ ನೇರವಾದ ಕೊಳವೆ ಇಳಿಸಿದರು. ಕೊಳವೆ ಇಳಿಯಿತು, ಆದರೆ ಒಳಗೆ ಸಾಕಷ್ಟು ಬೆಳಕಿರಲಿಲ್ಲ. 1897ರಲ್ಲಿ ಅದೇ ದೇಶದ ಕಿಲಿಯನ್ ಎಂಬವರು ರೈತನೊಬ್ಬನ ಶ್ವಾಸನಾಳದ ಬಲಗವಲಿನಿಂದ ಮೂಳೆಯ ಚೂರೊಂದನ್ನು ಕೊಳವೆಯ ಮೂಲಕ ಹೊರತೆಗೆದರು.

ಜಾಕ್ಸನ್ 1890ರ ಸುಮಾರಿಗೇ ಸ್ವತಃ ಒಂದು ಕೊಳವೆ ಮಾಡಿ, ದೊಡ್ಡವರೊಬ್ಬರು ನುಂಗಿದ್ದ ಕಟ್ಟಿಸಿದ ಹಲ್ಲನ್ನೂ ಮಗುವೊಂದು ನುಂಗಿದ್ದ ನಾಣ್ಯವನ್ನೂ ತೆಗೆದಿದ್ದರು. ಮುಂದೆ ಅವರು ಕೊಳವೆಯ ಒಳತುದಿಯಲ್ಲೇ ಪುಟ್ಟ ವಿದ್ಯುತ್ ಬಲ್ಬ್ ಇಟ್ಟರು. ಬಾವಿಯ ಮೇಲೆ ನಿಂತು ಕಂದೀಲು ಹಿಡಿಯುವುದಕ್ಕೂ ಹಗ್ಗ ಕಟ್ಟಿ ಕಂದೀಲನ್ನೇ ತಳಕ್ಕೆ ಇಳಿಬಿಡುವುದಕ್ಕೂ ಎಷ್ಟು ವ್ಯತ್ಯಾಸ ಅಲ್ಲವೇ? ಜೊತೆಗೆ ಎಂಜಲು, ಕಫವನ್ನು ಹೀರಿ ತೆಗೆಯುವ ಸಣ್ಣ ನಳಿಗೆ, ಉದ್ದನೆಯ ತೆಳ್ಳಗಿನ ಚಿಮುಟಗಳು. ಬೇರೆ ಬೇರೆ ಆಕಾರದ ವಸ್ತುಗಳಿಗೆ ಬೇರೆ ಬೇರೆ ಚಿಮುಟ. ತಾನು ರೂಪಿಸಿದ ಉಪಕರಣಗಳಿಗೆ ಅವರು ಪೇಟೆಂಟ್ ಪಡೆಯಲಿಲ್ಲ. ಯಾರು ಬೇಕಾದರೂ ಮಾಡಿಕೊಳ್ಳಲಿ ಎಂದು ಬಿಟ್ಟರು.

ಇನ್ನು ಅವರ ಹೆಸರನ್ನು ಬೆಳಗಿಸಿದ ಕೆಲಸಕ್ಕೆ ಬರೋಣ. ಬಾಯಿ ತೆರೆದ ಸೇಫ್ಟಿ ಪಿನ್ನು! ಒಂದು ಪಿನ್ನು ತೆರೆದು ಬೆಂಚಿನ ಮೇಲಿಟ್ಟು ನೋಡಿ. ಒಂದು ತುದಿಯಲ್ಲಿ ಸುರುಳಿ, ಅಲ್ಲಿಂದ ಎರಡು ಕಾಲು, ಒಂದು ಕಾಲಿನ ತುದಿ ಚೂಪು. ಕೂಸು ಇದನ್ನು ನುಂಗಿದಾಗ ಸುರುಳಿ ಕೆಳಗೆ, ಮೊನೆ ಮೇಲೆ ಆಗಿ ಇಳಿಯಿತೆನ್ನಿ. ಇಳಿಯುವಾಗ ಸಲೀಸು. ಈಗ ಮೇಲಕ್ಕೆ ಎಳೆದರೆ ಮೊನೆ ಅನ್ನನಾಳದ ಗೋಡೆಗೆ ನೇರವಾಗಿ ನಾಟುತ್ತದೆ. ಥೇಟ್ ಗೋಧಿ ತೆನೆ! ಜೋರು ಮಾಡಿದರೆ ಮಗು ಉಳಿಯುವುದಿಲ್ಲ.

ಜಾಕ್ಸನ್ ಕಂಡುಕೊಂಡ ನಿಯಮ ಸರಳ. ಮೊನೆ ಮುಂದೆ ಹೋದರೆ ಚುಚ್ಚುತ್ತದೆ, ಮೊನೆ ಹಿಂದೆ ಬಂದರೆ ಚುಚ್ಚುವುದಿಲ್ಲ. ಹಾಗಾದರೆ ಮೇಲಕ್ಕೆ ತರುವಾಗ ಮೊನೆ ಹಿಂದೆ ಇರುವಂತೆ ಮಾಡಬೇಕು. ಒಂದು ಉಪಾಯ, ಚೂಪು ತುದಿಯನ್ನೇ ಹಿಡಿದು ಕೊಳವೆಯೊಳಗೆ ಎಳೆದುಕೊಳ್ಳುವುದು. ಕತ್ತಿ ಒರೆಗೆ ಸೇರಿದಂತೆ ಮೊನೆ ಕೊಳವೆಯೊಳಗೆ ಅಡಗುತ್ತದೆ. ಇನ್ನೊಂದು, ಒಳಗಿರುವಾಗಲೇ ಪಿನ್ನನ್ನು ಮುಚ್ಚಿಬಿಡುವುದು. ಮೂರನೆಯದು ಕೇಳಿದರೆ ನಿಮಗೆ ಆಶ್ಚರ್ಯವಾಗಬಹುದು. ಪಿನ್ನನ್ನು ಹಿಡಿದು ಮೇಲಕ್ಕಲ್ಲ, ಇನ್ನೂ ಕೆಳಕ್ಕೆ ಜಠರದ ತನಕ ಒಯ್ಯುವುದು. ಅನ್ನನಾಳ ಓಣಿಯಾದರೆ ಜಠರ ಬಯಲು. ಓಣಿಯಲ್ಲಿ ತಿರುಗಿಸಲಾಗದ ಚಕ್ಕಡಿಯನ್ನು ಬಯಲಿಗೆ ಒಯ್ದು ತಿರುಗಿಸಿದಂತೆ, ಅಲ್ಲಿ ಪಿನ್ನನ್ನು ತಿರುಗಿಸಿ, ಸುರುಳಿ ಮುಂದಾಗಿ, ಮೊನೆ ಹಿಂದಾಗಿ ಹೊರಗೆ ತರುತ್ತಿದ್ದರು.

ಈ ಕೆಲಸದಲ್ಲಿ ಅವರು ಅವಸರ ಮಾಡುತ್ತಿರಲಿಲ್ಲ. ಮಗು ನುಂಗಿದ್ದು ಎಂಥ ಪಿನ್ನು, ಎಂಥ ಮೊಳೆ ಎಂದು ತಿಳಿದು, ಅಂಥದ್ದೇ ಇನ್ನೊಂದನ್ನು ತರಿಸಿಕೊಂಡು, ಮೊದಲು ರಬ್ಬರ್ ಕೊಳವೆಯಲ್ಲಿಟ್ಟು ತೆಗೆಯುವ ಅಭ್ಯಾಸ ಮಾಡುತ್ತಿದ್ದರು. 1895ರಲ್ಲಿ ಕಂಡುಹಿಡಿಯಲಾದ ಎಕ್ಸ್‌-ಕಿರಣವೂ ಅವರ ನೆರವಿಗೆ ಬಂತು. ಬಲಗೈಯಷ್ಟೇ ಎಡಗೈಯನ್ನೂ ಪಳಗಿಸಿದ್ದರು. ಪಾಠ ಮಾಡುವಾಗ ಎರಡೂ ಕೈಗಳಲ್ಲಿ ಬಣ್ಣದ ಸೀಮೆಸುಣ್ಣ ಹಿಡಿದು ಒಟ್ಟಿಗೇ ಚಿತ್ರ ಬಿಡಿಸುತ್ತಿದ್ದರು. ಶಿಷ್ಯರು ಜೀವಂತ ಮಗುವನ್ನು ಮುಟ್ಟುವ ಮೊದಲು ಗೊಂಬೆಯ ಗಂಟಲಿನಲ್ಲಿ ಕಲಿಯಬೇಕಿತ್ತು.

1911ರಲ್ಲಿ ಕ್ಷಯರೋಗ ಅವರನ್ನು ಹಾಸಿಗೆಗೆ ಕೆಡವಿತು. ಸುಮ್ಮನೆ ಮಲಗಿರಬೇಕು. ಅವರು ಮಲಗಿದಲ್ಲೇ ಈ ಚಿಕಿತ್ಸೆಯ ಕುರಿತು ದೊಡ್ಡ ಗ್ರಂಥ ಬರೆದರು! ಗುಣವಾದ ಮೇಲೆ 1916ರಲ್ಲಿ ಫಿಲಾಡೆಲ್ಫಿಯಾಕ್ಕೆ ಹೋಗಿ ತಾವು ಓದಿದ ಕಾಲೇಜಿನಲ್ಲೇ ಪ್ರಾಧ್ಯಾಪಕರಾದರು.

ಜಾಕ್ಸನ್‌ರನ್ನು ಬಹಳ ಕಾಡಿದ್ದು ಪಿನ್ನುಗಳಲ್ಲ, ಲೈ ಎಂಬ ತೀಕ್ಷ್ಣ ಕ್ಷಾರ. ನಾವು ಕಾಸ್ಟಿಕ್ ಸೋಡಾ ಎನ್ನುತ್ತೇವಲ್ಲ, ಅಂಥದ್ದು. ಅಮೆರಿಕದ ಮನೆಗಳಲ್ಲಿ ಸಾಬೂನು ಮಾಡಲು, ಚರಂಡಿ ಕೊಳವೆ ತೊಳೆಯಲು ಅದನ್ನು ಇಡುತ್ತಿದ್ದರು. ನೋಡಲು ಸಕ್ಕರೆಯಂತೆ ಬೆಳ್ಳಗೆ. ಮಕ್ಕಳು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಅದಕ್ಕೆ ಮೊನೆಯಿಲ್ಲ, ಆದರೆ ಮೊನೆಗಿಂತ ಕೆಟ್ಟದ್ದು. ಅನ್ನನಾಳದ ಒಳಪದರವೇ ಸುಟ್ಟುಹೋಗಿ, ಗಾಯ ಮಾಯುವಾಗ ಕೊಳವೆ ಕುಗ್ಗಿ ಮುಚ್ಚುತ್ತದೆ.

ಹಾಗೆ ಲೈ ನುಂಗಿದ ಏಳು ವರ್ಷದ ಬಡ ಹುಡುಗಿಯೊಬ್ಬಳನ್ನು ಅವರ ಬಳಿ ತಂದರು. ಎಷ್ಟೋ ದಿನಗಳಿಂದ ಅವಳಿಗೆ ಒಂದು ಗುಟುಕು ನೀರೂ ಇಳಿದಿರಲಿಲ್ಲ. ಜಾಕ್ಸನ್ ಕೊಳವೆ ಇಳಿಸಿ ನೋಡಿದರು. ಕಿರಿದಾದ ದಾರಿಗೆ ಬೂದುಬಣ್ಣದ ಮುದ್ದೆಯೊಂದು ಬಿರಡೆಯಂತೆ ಕೂತಿತ್ತು. ಅದನ್ನು ಮೆಲ್ಲಗೆ ತೆಗೆದರು. ದಾದಿ ಒಂದು ಲೋಟ ನೀರು ಹಿಡಿದಳು. ಹುಡುಗಿ ಹೆದರುತ್ತಲೇ ಸ್ವಲ್ಪ ಗುಟುಕರಿಸಿದಳು, ಈಗ ಕೆಮ್ಮು ಬರುತ್ತದೆ ಎಂದು ಕಾದಳು. ಬರಲಿಲ್ಲ. ಇನ್ನೊಂದು ಗುಟುಕು. ಅದೂ ಇಳಿಯಿತು. ಆಗ ಆ ಮಗು ದಾದಿಯ ಕೈಯನ್ನು ಪಕ್ಕಕ್ಕೆ ಸರಿಸಿ ಜಾಕ್ಸನ್‌ರ ಕೈಗೆ ಮುತ್ತಿಟ್ಟಳು.

ಒಬ್ಬೊಬ್ಬರನ್ನೇ ಗುಣಪಡಿಸಿದರೆ ಸಾಲದು ಎಂದು ಜಾಕ್ಸನ್‌ರಿಗೆ ಅನಿಸಿತು. ಲೈ ಡಬ್ಬಿಯ ಮೇಲೆ ವಿಷ ಎಂದು ದೊಡ್ಡದಾಗಿ ಬರೆಯಲೇಬೇಕೆಂಬ ಕಾನೂನು ಬೇಕೆಂದು ವರ್ಷಗಟ್ಟಲೆ ಓಡಾಡಿದರು. ಸಭೆಗಳಲ್ಲಿ ಮಾತನಾಡಲು ನಾಚುತ್ತಿದ್ದ ಮನುಷ್ಯ ರಾಜಕಾರಣಿಗಳ ಬಾಗಿಲು ತಟ್ಟಿದರು. ಕೊನೆಗೆ 1927ರ ಮಾರ್ಚ್ 4ರಂದು ಅಧ್ಯಕ್ಷ ಕೂಲಿಜ್ ಆ ಕಾನೂನಿಗೆ ಸಹಿ ಹಾಕಿದರು. ನನ್ನನ್ನು ಕೇಳಿದರೆ, ಅವರ ಎಲ್ಲ ಚಿಮುಟಗಳಿಗಿಂತ ಈ ಚೀಟಿಯೇ ಹೆಚ್ಚು ಮಕ್ಕಳನ್ನು ಕಾಪಾಡಿರಬೇಕು. ನಿಮ್ಮ ಮನೆಯಲ್ಲಿ ಫಿನಾಯಿಲ್, ಆಸಿಡ್, ಹೊಲಕ್ಕೆ ಹೊಡೆಯುವ ಎಣ್ಣೆಯನ್ನು ತಂಪು ಪಾನೀಯದ ಖಾಲಿ ಬಾಟಲಿಯಲ್ಲಿ ಇಟ್ಟಿದ್ದಾರೆಯೇ? ಇಂದೇ ನೋಡಿ, ದೊಡ್ಡವರಿಗೆ ಹೇಳಿ.

ಜಾಕ್ಸನ್ ಬರೆದ ಪ್ರಕರಣಗಳನ್ನು ಓದುವಾಗ ಒಂದು ವಿಷಯ ಮತ್ತೆ ಮತ್ತೆ ಎದುರಾಗುತ್ತದೆ. ಎಷ್ಟೋ ಮಕ್ಕಳಿಗೆ ದಮ್ಮು, ನ್ಯುಮೋನಿಯಾ ಎಂದು ತಿಂಗಳುಗಟ್ಟಲೆ, ವರ್ಷಗಟ್ಟಲೆ ಔಷಧ ಕೊಟ್ಟಿರುತ್ತಾರೆ. ನಿಜವಾದ ಕಾರಣ ಒಳಗೆ ಕೂತಿದ್ದ ಒಂದು ಕಾಳೋ ಮೊಳೆಯೋ ಆಗಿರುತ್ತದೆ. ನುಂಗಿದ್ದನ್ನು ಯಾರೂ ನೋಡಿರುವುದಿಲ್ಲ. ಮಾತು ಬಾರದ ಕೂಸು ಹೇಳಲಾರದು. ಮಾತು ಬರುವ ಮಗು ಬೈಗುಳಕ್ಕೆ ಹೆದರಿ ಹೇಳುವುದಿಲ್ಲ.

ಆದ್ದರಿಂದ ನೀವಾಗಲಿ ನಿಮ್ಮ ತಮ್ಮ ತಂಗಿಯರಾಗಲಿ ಏನನ್ನಾದರೂ ನುಂಗಿದರೆ ಕೂಡಲೇ ಅವ್ವ ಅಪ್ಪನಿಗೆ, ಶಾಲೆಯಲ್ಲಿದ್ದರೆ ಗುರುಗಳಿಗೆ, ಅಕ್ಕೋರಿಗೆ ಹೇಳಿ. ನುಂಗಿದ್ದು ತಪ್ಪಲ್ಲ, ಅದೊಂದು ಅಪಘಾತ. ಮೇಲೆ ಬಾಳೆಹಣ್ಣು ನುಂಗಿದರೆ, ಅನ್ನದ ಉಂಡೆ ನುಂಗಿದರೆ ಕೆಳಗಿಳಿಯುತ್ತದೆ ಎನ್ನುವವರಿದ್ದಾರೆ. ಬೇಡ. ಸಿಕ್ಕಿದ ಮೊನೆಯನ್ನು ಅದು ಇನ್ನಷ್ಟು ಒಳಕ್ಕೆ ಒತ್ತುತ್ತದೆ. ಬೆರಳು ಹಾಕಿ ವಾಂತಿ ಮಾಡಿಸುವುದೂ ಬೇಡ, ಮೊನೆ ತಿರುಗಿ ಮೇಲಕ್ಕೆ ನುಗ್ಗುತ್ತದೆ. ಏನೂ ತಿನ್ನದೆ, ಕುಡಿಯದೆ ಆಸ್ಪತ್ರೆಗೆ ಹೋಗಬೇಕು. ಅಂಥದ್ದೇ ಇನ್ನೊಂದು ಪಿನ್ನು ಮನೆಯಲ್ಲಿದ್ದರೆ ಜೊತೆಗೆ ಒಯ್ಯಿರಿ, ವೈದ್ಯರಿಗೆ ಅನುಕೂಲ. ಲೋಹವಾದರೆ ಎಕ್ಸ್‌-ಕಿರಣ ಚಿತ್ರದಲ್ಲಿ ಕಾಣುತ್ತದೆ. ಕಟ್ಟಿಗೆಯ ಚೂರು, ಪ್ಲಾಸ್ಟಿಕ್, ಮೀನಿನ ಸಣ್ಣ ಮುಳ್ಳು ಅನೇಕ ವೇಳೆ ಕಾಣುವುದಿಲ್ಲ. ಹಾಗಾಗಿ ನೀವು ಹೇಳುವ ಮಾತೇ ವೈದ್ಯರಿಗೆ ದೀಪ. ಗಡಿಯಾರ, ಆಟಿಕೆಗಳ ಗುಂಡಿಯಾಕಾರದ ಬ್ಯಾಟರಿ ನುಂಗಿದರಂತೂ ಒಂದು ಕ್ಷಣವೂ ತಡ ಸಲ್ಲದು. ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅದು ಎರಡು ಗಂಟೆಯೊಳಗೇ ಸುಡಬಲ್ಲದು.

ಗಾಳಿಯ ದಾರಿಯೇ ಕಟ್ಟಿ, ಕೆಮ್ಮಲೂ ಮಾತನಾಡಲೂ ಆಗದೆ ಮುಖ ನೀಲಿಗಟ್ಟುತ್ತಿದ್ದರೆ? ಮುಂದಕ್ಕೆ ಬಾಗಿಸಿ ಬೆನ್ನಿನ ಮೇಲೆ, ಎರಡು ಹೆಗಲೆಲುಬುಗಳ ನಡುವೆ ಅಂಗೈ ಬುಡದಿಂದ ಐದು ಸಲ ಬಲವಾಗಿ ಹೊಡೆಯಬೇಕು. ದೊಡ್ಡವರನ್ನು ಕೂಗಿ ಕರೆದು 108ಕ್ಕೆ ಫೋನ್ ಮಾಡಿಸಬೇಕು. ಜೋರಾಗಿ ಕೆಮ್ಮುತ್ತಿದ್ದರೆ ಮಾತ್ರ ಹೊಡೆಯಬೇಡಿ, ಕೆಮ್ಮಲು ಬಿಡಿ. ಕೆಮ್ಮಿಗಿಂತ ಒಳ್ಳೆಯ ಚಿಮುಟವಿಲ್ಲ.

ಕಿತ್ತೂರಿನಲ್ಲೋ ರಾಮದುರ್ಗದಲ್ಲೋ ಮಗು ಪಿನ್ನು ನುಂಗಿದರೆ ತಾಲ್ಲೂಕಿನ ವೈದ್ಯರು ನೋಡಿ, ಬೇಕಿದ್ದರೆ ಬೆಳಗಾವಿಗೋ ಹುಬ್ಬಳ್ಳಿಗೋ ಕಳಿಸುತ್ತಾರೆ. ಅಂಥ ದೊಡ್ಡ ಆಸ್ಪತ್ರೆಗಳಲ್ಲಿ ಬಳಸುವ ಎಂಡೋಸ್ಕೋಪ್ ಬಳ್ಳಿಯಂತೆ ಬಾಗುತ್ತದೆ. 1957ರಲ್ಲಿ ಮೊದಲು ಬಂದ ಬಾಗುವ ಗಾಜಿನ ಎಳೆಗಳ ಉಪಕರಣದ ಸಂತತಿ ಅದು. ಆದರೆ ಮಕ್ಕಳ ಶ್ವಾಸನಾಳದಿಂದ ಶೇಂಗಾ ತೆಗೆಯಲು ಇಂದಿಗೂ ಜಾಕ್ಸನ್‌ರ ಮಾದರಿಯ ನೇರ ಕೊಳವೆಯೇ ಹೆಚ್ಚಾಗಿ ಬೇಕಾಗುತ್ತದೆ.

ಜಾಕ್ಸನ್ 1958ರ ಆಗಸ್ಟ್ 16ರಂದು, 92ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರು ಊಟವನ್ನು ನಿಧಾನವಾಗಿ ಅಗಿಯಬೇಕೆಂದು ಹೇಳುತ್ತಲೇ ಇರುತ್ತಿದ್ದರು. ಹಾಲನ್ನೂ ಅಗಿದು ಕುಡಿಯಬೇಕು ಎನ್ನುವಷ್ಟು!

ತೆಗೆದ ವಸ್ತುಗಳನ್ನು ಅವರು ಯಾರಿಗೂ ಹಿಂದಿರುಗಿಸುತ್ತಿರಲಿಲ್ಲ. ಮುಂದಿನ ವೈದ್ಯರು ನೋಡಿ ಕಲಿಯಲು ಅವು ಬೇಕೆಂಬುದು ಅವರ ಹಟ. ಕಾಲು ಡಾಲರಿನ ಒಂದು ನಾಣ್ಯಕ್ಕಾಗಿ ಒಬ್ಬಾತ ಕೊಲ್ಲುತ್ತೇನೆಂದು ಹೆದರಿಸಿದರೂ ಕೊಡಲಿಲ್ಲ. ಹೀಗೆ ಕೂಡಿದ 2,374 ವಸ್ತುಗಳು ಫಿಲಾಡೆಲ್ಫಿಯಾದ ಮ್ಯೂಟರ್ ವಸ್ತುಸಂಗ್ರಹಾಲಯದಲ್ಲಿವೆ. ಸಾಲುಸಾಲಾಗಿ ಜೋಡಿಸಿದ ಸೂಜಿ, ಮೊಳೆ, ಗುಂಡಿ, ಮೂಳೆಚೂರು, ಕಾಳು, ಪುಟ್ಟ ಬೀಗ, ಆಟಿಕೆಯ ದುರ್ಬೀನು, ಬಗೆಬಗೆಯ ಸೇಫ್ಟಿ ಪಿನ್ನುಗಳು. ಅವುಗಳ ನಡುವೆ ಶಾಲೆಯ ಬಿಲ್ಲೆಯೂ ಒಂದಿದೆ. ಒಂದು ದಿನವೂ ತಪ್ಪಿಸದೆ ಶಾಲೆಗೆ ಬಂದದ್ದಕ್ಕಾಗಿ ಕೊಟ್ಟ ಪೂರ್ಣ ಹಾಜರಾತಿಯ ಬಿಲ್ಲೆ. ಅದನ್ನು ನುಂಗಿದ ಮರುದಿನ ಮಾತ್ರ ಆ ವಿದ್ಯಾರ್ಥಿ ಶಾಲೆಗೆ ಹೋಗಿರಲಿಕ್ಕಿಲ್ಲ.